ಕಲ್ಲವ್ವನ ಹೋಳಿಗೆಗಾಗಿ ನಡೆದ ಗುರುತಿನ ಮಹಾಸಮರ

ಪಾಸ್‌ವರ್ಡ್ ಮರೆಯುವುದೇ ಮನುಷ್ಯಧರ್ಮವಾಗಿದ್ದ, ಹದಿನಾಲ್ಕು ಬಾಗಿಲಿಗೆ ಹದಿನಾಲ್ಕು ಚೀಟಿಗಳು ಕೀಲಿಮಣೆಯಡಿ ಅವಿತಿದ್ದ ಘೋರಯುಗವದು. ಆ ಯುಗದಲ್ಲಿ, ಧಾರವಾಡಪುರಿಯ ಭೂಸಿರಿ ಮಣ್ಣು ಪರೀಕ್ಷಾ ಸಂಸ್ಥೆಯ ಗಣಕಶಾಖಾಧಿಪತಿ, ಸಕಲಪಾಸ್‌ವರ್ಡ್‌ಪುನರುದ್ಧಾರಕ, ಶೀತಲಯಂತ್ರಕಕ್ಷವಿಹಾರಿ ವಿರೂಪಾಕ್ಷಪ್ಪ ಹಡಗಲಿಯು ತೊಡೆ ತಟ್ಟಿ ನಿಂತ ಒಂದು ಗುರುವಾರದ ಕಥೆಯನ್ನು, ಎಲೌ ವಾಗ್ದೇವಿ, ನನ್ನ ನಾಲಗೆಯ ಮೇಲೆ ಕುಳಿತು ನುಡಿಸು. ಚಹಾ ಆರುವುದರೊಳಗೆ ಮುಗಿಸಿಬಿಡುತ್ತೇನೆ.

ಈ ವೀರನು ತನ್ನ ಸಂಸ್ಥೆಯಲ್ಲಿ ಸಿಂಗಲ್ ಸೈನ್-ಆನ್ ಎಂಬ ದಿವ್ಯಾಸ್ತ್ರವನ್ನು ಸ್ಥಾಪಿಸಿದ್ದನು. ನೌಕರರ ಹೆಸರೆಲ್ಲ ಅವನ ಒಂದೇ ಪಟ್ಟಿಯಲ್ಲಿದ್ದವು; ಬೆಳಿಗ್ಗೆ ಒಮ್ಮೆ ಒಳಹೊಕ್ಕರಾಯಿತು, ರಜೆಯ ಅರ್ಜಿಯಿಂದ ಪ್ರಯೋಗಶಾಲೆಯ ವರದಿಯವರೆಗೆ ಎಲ್ಲ ಬಾಗಿಲೂ ತಾವಾಗಿ ತೆರೆಯುತ್ತಿದ್ದವು. ಎಲ್ಲರೂ ಹೊಗಳಿದರು. ಅದು ಸ್ವಲ್ಪ ತಲೆಗೇರಿತ್ತು.

ಯುದ್ಧಕ್ಕೆ ಕಾರಣ ಕಲ್ಲವ್ವ. ಮೂವತ್ತೊಂದು ವರ್ಷ ಆ ಸಂಸ್ಥೆಯವರಿಗೆಲ್ಲ ಚಹಾ ಕೊಟ್ಟ ಆಕೆಗೆ ಅಂದು ನಿವೃತ್ತಿ. ಪಕ್ಕದ ಕಂಪೌಂಡಿನ ಹಸಿರುಸಿರಿ ಬೀಜ ಮಂಡಳಿಯ ಕ್ಯಾಂಟೀನಿನಲ್ಲಿ ಗುರುವಾರದ ಶೇಂಗಾ ಹೋಳಿಗೆ ಭಾರೀ ರುಚಿಯೆಂದು ಆಕೆ ಎಂದೋ ಹೇಳಿದ್ದಳು. ಅದನ್ನು ಇಂದು ಆಕೆಯದೇ ಹೆಸರಿನ ಕೂಪನ್ನಿನಲ್ಲಿ ಉಣಿಸುವೆನೆಂದು ವೀರನು ಇಡೀ ಆಫೀಸಿನ ಮುಂದೆ ಶಪಥ ಮಾಡಿದನು. ಕೂಪನ್ ಸಿಗುವುದು ಮಂಡಳಿಯ ಜಾಲತಾಣದಲ್ಲಿ, ಅಲ್ಲಿಯ ನೌಕರರಿಗೆ ಮಾತ್ರ, ಅದೂ ಹನ್ನೊಂದು ಗಂಟೆಯವರೆಗೆ. ಆಗಲೇ ಹತ್ತಾಗಿತ್ತು.

"ಸಾಹೇಬ್ರ, ಅದಕ್ಕ ಇಷ್ಟೆಲ್ಲಾ ಯಾಕ್ರೀ? ನಾ ಹೇಳೂದು..." ಎಂದು ಕಲ್ಲವ್ವ ಬಾಯಿ ತೆರೆದಳು.

"ನೀ ಸುಮ್ನ ನೋಡ್ತಿರು ಕಲ್ಲವ್ವಾ!" ಎಂದು ವೀರನು ಕೈಯೆತ್ತಿ ತಡೆದು, ಲ್ಯಾಪ್‌ಟಾಪನ್ನು ಗುರಾಣಿಯಂತೆ ಎದೆಗವಚಿಕೊಂಡು ಪಕ್ಕದ ಕಂಪೌಂಡಿಗೆ ದಂಡೆತ್ತಿ ಹೋದನು.

ಅಲ್ಲಿ ಕುಳಿತಿದ್ದಳು ಮಂಡಳಿಯ ಗಣಕಾಧಿಕಾರಿಣಿ, ಪರಸಂಸ್ಥಾಪ್ರವೇಶನಿರೋಧಿನಿ, ಉಪನೇತ್ರವಿರಾಜಿತೆ ಸುಲೋಚನಾ ಗಲಗಲಿ.

"ಎಲೌ ಬೀಜಮಂಡಲರಕ್ಷಕಿಯೇ!" ವೀರನು ಗರ್ಜಿಸಿದನು. "ಹದಿನಾಲ್ಕು ಪಾಸ್‌ವರ್ಡುಗಳನ್ನು ಒಂದೇ ಏಟಿಗೆ ಸಂಹರಿಸಿದ ಕೈಯಿದು! ನಮ್ಮ ಕಲ್ಲವ್ವಗ ನಿಮ್ಮ ಹೋಳಿಗಿ ಕೂಪನ್ ಬೇಕು, ನಿಮ್ಮ ಮಂದೀನೆಲ್ಲಾ ನನ್ನ ಪಟ್ಟಿಗೆ ಕೊಟ್ಟುಬಿಡ್ರಿ ಮೇಡಮ್ಮಾರ. ಒಂದ ಪಟ್ಟಿ, ಒಂದ ಪಾಸ್‌ವರ್ಡ್, ಎರಡೂ ಆಫೀಸು!"

ಆಕೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. "ನಿಮ್ಮ ಮನಿಯೊಳಗ ಒಂದ ಕೀಲಿ ಇರಲಿ ಸರ್, ಬ್ಯಾಡ ಅಂದವ್ರ್ಯಾರು? ನಮ್ಮ ಇನ್ನೂರು ಮಂದಿ ನಿಮ್ಮ ಪಟ್ಟಿಗ್ಯಾಕ ಬರಬೇಕು? ನಾಳೆ ನಮ್ಮವ್ರೊಬ್ರು ಕೆಲಸಾ ಬಿಟ್ರ ನಿಮಗ ಹೆಂಗ ಗೊತ್ತಾಗತದ? ಮದಿವಿಗೆ ಬೀಗರ ಕಡಿ ಮಂದಿ ಬಂದ್ರ ನಾವು ಆಧಾರ್ ಕಾರ್ಡ್ ಕೇಳ್ತೀವೇನ್ರೀ? 'ಇವ್ರು ನಮ್ಮ ಕಡಿಯವ್ರು' ಅಂತ ಬೀಗರು ಅಂದ್ರ ಸಾಕು, ಎಲಿ ಹಾಕ್ತೀವಿ. ನಿಮ್ಮವ್ರನ್ನ ನೀವ ಗುರುತಿಸ್ರಿ, ನಿಮ್ಮ ಮಾತು ನಾವು ನಂಬ್ತೀವಿ. ಫೆಡರೇಷನ್ ಅಂದ್ರ ಇಷ್ಟ."

ಆಮೇಲೆ ಸಂಭವಿಸಿದ ವಾಗ್ಬಾಣವೃಷ್ಟಿಯನ್ನು ಏನೆಂದು ಬಣ್ಣಿಸಲಿ! ಬಿಳಿಹಲಗೆಯ ಮೇಲೆ ಬಾಣದ ಗುರುತುಗಳು ಒಂದನ್ನೊಂದು ಚುಚ್ಚಿದವು, ಮಾರ್ಕರಿನ ಶಾಯಿ ಬತ್ತಿತು, ಎರಡು ಸುತ್ತು ಚಹಾ ಮುಗಿಯಿತು. ಆಕೆ ಒಪ್ಪದಿರುವುದಕ್ಕಿಂತ, ಆಕೆ ಹೇಳುವುದು ಸರಿಯಿರುವುದೇ ವೀರನನ್ನು ಹೆಚ್ಚು ಉರಿಸಿತು. ಪಟ್ಟಿಯೊಂದೇ ಅವನ ಸಾಮ್ರಾಜ್ಯ. ಅದನ್ನು ಬೆಳೆಸುವ ಆಸೆ ಬಿಡುವುದು ಸುಲಭವಲ್ಲ. ಆದರೆ ಗಡಿಯಾರ ಹತ್ತೂ ಐವತ್ತು ತೋರಿತು, ಬಾಗಿಲಲ್ಲಿ ಬಂದು ನಿಂತಿದ್ದ ಕಲ್ಲವ್ವ ಕಣ್ಣಿಗೆ ಬಿದ್ದಳು.

"ಆತು ಬಿಡ್ರಿ," ಎಂದನು ವೀರ. "ನಿಮ್ಮಂಗ ಆಗ್ಲಿ."

ಸಂಧಿಯಾಯಿತು. ಎರಡು ಸಂಸ್ಥೆಗಳ ಗಣಕಗಳು ಪರಸ್ಪರ ನಂಬಿಕೆಯ ಪ್ರಮಾಣಪತ್ರಗಳನ್ನು ಬದಲಾಯಿಸಿಕೊಂಡವು. ಕಲ್ಲವ್ವ ತಮ್ಮವಳೆಂದು ಮಣ್ಣಿನ ಸಂಸ್ಥೆ ಸಾಕ್ಷಿ ನುಡಿಯಿತು, ಬೀಜದ ಮಂಡಳಿ ನಂಬಿತು. ಹತ್ತೂ ಐವತ್ತೆಂಟಕ್ಕೆ ಪರದೆಯ ಮೇಲೆ "ಸ್ವಾಗತ, ಕಲ್ಲವ್ವ" ಎಂದು ಮೂಡಿ, ಮುದ್ರಕಯಂತ್ರವು ಒಂದು ಕೂಪನ್ನನ್ನು ಹೆತ್ತಿತು. ವೈರಿಗಳಿಬ್ಬರೂ ಖುಷಿಯಿಂದ ಕೈ ಕುಲುಕಿದರು.

ಕೂಪನ್ನನ್ನು ವಿಜಯಧ್ವಜದಂತೆ ಎತ್ತಿ ಹಿಡಿದು ವೀರನು ಕಲ್ಲವ್ವನೊಡನೆ ಕ್ಯಾಂಟೀನನ್ನು ಪ್ರವೇಶಿಸಿದನು. ಅಡುಗೆಯ ಬಸಲಿಂಗ ಅದರತ್ತ ನೋಡಲೂ ಇಲ್ಲ.

"ಏನ ಕಲ್ಲತ್ತಿ, ಇವತ್ತ ತಡಾ ಮಾಡ್ದಿ? ನಿನ್ನ ಎರಡ ಹೋಳಿಗಿ ಡಬ್ಬ್ಯಾಗ ತಗದಿಟ್ಟೇನಿ, ಕುಂದ್ರು."

ವೀರನ ಕೈ ಮೆಲ್ಲಗೆ ಕೆಳಗಿಳಿಯಿತು. "ಕಲ್ಲವ್ವಾ... ನೀ ಇಲ್ಲಿಗೆ ಬರ್ತಿದ್ದೇನು?"

"ಗುರುವಾರಕ್ಕೊಮ್ಮೆ ರೀ. ಹನ್ನೊಂದು ವರ್ಷಾತು. ಮುಂಜಾನಿಂದ ಅದನ್ನ ಹೇಳಾಕ ಹೊಂಟಿದ್ದೆ, ನೀವೆಲ್ಲಿ ಕೇಳಿದ್ರೀ!"

ಬಸಲಿಂಗ ಈಗ ವೀರನನ್ನು ಮೇಲಿಂದ ಕೆಳಗೆ ನೋಡಿದನು. "ಮತ್ತ ಇವ್ರ್ಯಾರು? ನಿಮ್ಮ ಕೂಪನ್ ಎಲ್ಲೈತ್ರೀ?"

ಸಕಲಪಾಸ್‌ವರ್ಡ್‌ಪುನರುದ್ಧಾರಕನ ಬಳಿ ತನ್ನ ಹೆಸರಿನ ಕೂಪನ್ ಇರಲಿಲ್ಲ. ಅದನ್ನು ಮಾಡಿಕೊಳ್ಳುವುದು ಅವನಿಗೆ ನೆನಪೇ ಆಗಿರಲಿಲ್ಲ, ಹನ್ನೊಂದು ದಾಟಿಯಾಗಿತ್ತು.

"ನಮ್ಮ ಕಡಿಯವ್ರ ಅದಾರಪ್ಪಾ," ಎಂದಳು ಕಲ್ಲವ್ವ, ಬೆಂಚಿನಲ್ಲಿ ಸರಿದು ಜಾಗ ಮಾಡುತ್ತ. "ಛಲೋ ಮನಶ್ಯಾ. ಒಂದ ಎಲಿ ಹಾಕು."

ಬಸಲಿಂಗ ಎಲೆ ಹಾಕಿದನು. ವೀರನು ತೆಪ್ಪಗೆ ಕುಳಿತು, ತುಪ್ಪವನ್ನು ಎರಡು ಸಲ ಕೇಳಿ ಹಾಕಿಸಿಕೊಂಡನು.