ಕೆರೆಯಂಚಿನ ಹನ್ನೊಂದು ಗುಂಡಿಗಳು

ನಮ್ಮ ಅಪ್ಪ ಚಾಂಪಿಯನ್ ರೀಫ್ಸ್‌ ಗಣಿಯಲ್ಲಿ ನೆಲದಡಿಗೆ ಇಳಿದು ಚಿನ್ನದ ಕಲ್ಲು ಒಡೆದವರು. ಹೀಗಾಗಿ ಮಣ್ಣಿನಲ್ಲಿರುವ ಚಿನ್ನವನ್ನು ಪತ್ತೆಹಚ್ಚುವ ವಿದ್ಯೆ ನನಗೆ ಹುಟ್ಟಿನಿಂದಲೇ ಬಂದಿದೆ ಎಂದು ನಾನು ದೃಢವಾಗಿ ನಂಬಿದ್ದೆ. ಬಂಗಾರಪೇಟೆಯಲ್ಲಿ ರವಿಕೆ ಹೊಲಿಯುತ್ತಾ ಕೂತಿದ್ದರಿಂದ ಅದನ್ನು ಲೋಕಕ್ಕೆ ತೋರಿಸಲು ಸಂದರ್ಭ ಒದಗಿರಲಿಲ್ಲ, ಅಷ್ಟೆ.

ಮೊಬೈಲ್‌ನಲ್ಲಿ ಮೆಟಲ್ ಡಿಟೆಕ್ಟರ್‌ನ ಜಾಹೀರಾತು ಕಂಡಿದ್ದೇ ತಡ, ತರಿಸಿಬಿಟ್ಟೆ. ಒಂದು ಉದ್ದನೆಯ ಕೋಲು. ಕೆಳತುದಿಯಲ್ಲಿ ತಟ್ಟೆ, ಮೇಲ್ತುದಿಯಲ್ಲಿ ಡಬ್ಬಿ. ತಟ್ಟೆಯ ಹತ್ತಿರ ಲೋಹ ಬಂದರೆ ಡಬ್ಬಿ ‘ಕುಂಯ್’ ಎನ್ನುತ್ತದೆ. ಜಾಹೀರಾತಿನಲ್ಲಿ ಒಬ್ಬ ಚಡ್ಡಿ ಹಾಕಿಕೊಂಡು ಸಮುದ್ರತೀರದಲ್ಲಿ ಅಡ್ಡಾಡುತ್ತಾ ಹೆಜ್ಜೆಗೊಂದು ಉಂಗುರ ಎತ್ತುತ್ತಿದ್ದ.

“ನಮ್ಮೂರಲ್ಲಿ ಸಮುದ್ರ ಎಲ್ಲೈತೆ?” ಎಂದು ಕೇಳಿದರು ಆಟೊ ಓಡಿಸುವ ನನ್ನ ಗಂಡ ಮುನಿರಾಜು.

“ಕೆರೆ ಐತಲ್ಲ! ಮರಳು ಎಲ್ಲಿದ್ರೂ ಮರಳೇ!” ಎಂದೆ. ಡಿಟೆಕ್ಟರ್ ಜೊತೆ ಬಂದಿದ್ದ ಪುಸ್ತಕ ಚೀನೀ ಭಾಷೆಯಲ್ಲಿತ್ತು. ಹುಟ್ಟಿನಿಂದ ವಿದ್ಯೆ ಬಂದವರಿಗೆ ಪುಸ್ತಕ ಯಾಕೆ? ಮಡಿಸಿ ಹೊಲಿಗೆ ಮಿಷಿನ್ನಿನ ಕಾಲಡಿಗೆ ಇಟ್ಟೆ. ಮಿಷಿನ್ನು ಅಲ್ಲಾಡುವುದು ನಿಂತಿತು.

ಎರಡೇ ದಿನಕ್ಕೆ ಬೂದಿಕೋಟೆ ಕಡೆಯ ಹಳ್ಳಿಯಿಂದ ನಾದಿನಿ ರತ್ನಳ ಫೋನು ಬಂತು. “ಅತ್ತಿಗೆ, ಕೆರೆಯಾಗೆ ರಗ್ಗು ಒಗೀವಾಗ ಒಂದು ಓಲೆ ಬಿದ್ದೋಯ್ತು. ಮಗಳ ನಿಶ್ಚಿತಾರ್ಥಕ್ಕೆ ಕೊಡಬೇಕು ಅಂತ ಅತ್ತೆ ಅವರ ಓಲೇನ ನನ್ ಕೈಗೆ ಕೊಟ್ಟಿದ್ರು. ಒಂದಿನ ಇಕ್ಕೊಂಡು ನೋಡಾನ ಅಂತ ಇಕ್ಕೊಂಡೆ. ಅತ್ತೇಗೆ ಇನ್ನೂ ಏಳಿಲ್ಲ. ನಿಶ್ಚಿತಾರ್ಥ ನಾಡಿದ್ದು!”

“ಎದರ್ಕೋಬೇಡ. ನಾನ್ ಬತ್ತೀನಿ!” ಎಂದೆ. ಆ ಕ್ಷಣದಲ್ಲಿ ನನ್ನ ಬಗ್ಗೆ ನನಗೇ ಎಷ್ಟು ಗೌರವ ಬಂತೆಂದರೆ, ಆಟೊದಲ್ಲಿ ದಾರಿಯುದ್ದಕ್ಕೂ ಡಿಟೆಕ್ಟರನ್ನು ರಾಜದಂಡದ ಹಾಗೆ ನೆಟ್ಟಗೆ ಹಿಡಿದು ಕೂತಿದ್ದೆ.

ಕೆರೆಯಂಚಿನಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರೆಲ್ಲ ಎದ್ದುನಿಂತರು. ರತ್ನ ಒಗೆದ ಜಾಗ ತೋರಿಸಿದಳು. ಡಬ್ಬಿಯ ಸ್ವಿಚ್ ಒತ್ತಿ, ಎರಡೂ ಕೈಯಲ್ಲಿ ಕೋಲು ಹಿಡಿದು, ಮೂವತ್ತು ವರ್ಷ ಪೊರಕೆ ಹಿಡಿದ ಅನುಭವದಿಂದ ಕಾಲ ಬುಡದಲ್ಲೇ ಆ ಕಡೆ ಈ ಕಡೆ ಬೀಸಿದೆ.

ಕುಂಯ್!

ಮೊದಲನೇ ಬೀಸಿಗೇ! “ತೋಡಿ!” ಎಂದು ಗಂಡನಿಗೆ ಆಜ್ಞೆ ಮಾಡಿದೆ. ಅವರು ಗುದ್ದಲಿ ಹಿಡಿದು ತೋಡಿದರು. ಏನೂ ಸಿಗಲಿಲ್ಲ. ಒಂದು ಹೆಜ್ಜೆ ಮುಂದಿಟ್ಟೆ. ಮತ್ತೆ ಕುಂಯ್! ಇನ್ನೊಂದು ಹೆಜ್ಜೆ. ಕುಂಯ್ ಕುಂಯ್! ಬಲಕ್ಕೆ ತಿರುಗಿದರೆ ಬಲಕ್ಕೆ, ಎಡಕ್ಕೆ ತಿರುಗಿದರೆ ಎಡಕ್ಕೆ. ನಾನು ಹೋದಲ್ಲೆಲ್ಲ ಚಿನ್ನ! ಐದನೇ ಗುಂಡಿಗೆ ಗಂಡ ಸೋತು ಕೂತರು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ನಾನೇ ತೋಡಿದೆ.

“ಏನೂ ಸಿಗ್ತಿಲ್ವಲ್ಲ ಅತ್ತಿಗೆ?” ಎಂದಳು ರತ್ನ ಅಳುದನಿಯಲ್ಲಿ.

“ಚಿನ್ನ ಆಳದಲ್ಲಿರ್ತದೆ ಕಣೇ. ನಮ್ಮಪ್ಪ ಎಷ್ಟು ಆಳಕ್ಕೆ ಇಳೀತಿದ್ರು ಗೊತ್ತಾ?” ಎಂದು ಗಂಭೀರವಾಗಿ ತಿಳಿಸಿದೆ.

ಹನ್ನೊಂದು ಗುಂಡಿಗಳಾದವು. ಕೆರೆಯಂಚು ದಂತವೈದ್ಯರ ಬಳಿ ಹೋಗಿ ಬಂದ ಬಾಯಿಯ ಹಾಗೆ ಕಾಣುತ್ತಿತ್ತು. ಪಕ್ಕದಲ್ಲಿ ಗಾಳ ಹಾಕಿ ಕೂತಿದ್ದ ಒಬ್ಬ ಹಿರಿಯರು ಇಷ್ಟು ಹೊತ್ತೂ ನನ್ನನ್ನೇ ನೋಡುತ್ತಿದ್ದರು. ಉರಿಗಾಂನ ಸೆಲ್ವಂ ಅಣ್ಣ, ಗಣಿಯಲ್ಲಿ ದುಡಿದು ನಿವೃತ್ತರಾದವರು. ಗಾಳ ಬಿಟ್ಟು ಎದ್ದು ಬಂದರು.

“ಅಮ್ಮಾ, ಸ್ವಲ್ಪ ನಿಲ್ಲು ಮಾ. ಒಂದು ಕಾಲು ಎತ್ತು.”

ಎತ್ತಿದೆ. ಅವರು ನನ್ನ ಕೈಯಿಂದ ಕೋಲು ತೆಗೆದುಕೊಂಡು ತಟ್ಟೆಯನ್ನು ನನ್ನ ಪಾದದ ಹತ್ತಿರ ತಂದರು.

ಕುಂಯ್!

“ಮಣ್ಣಲ್ಲಿ ಇಲ್ಲ ಮಾ. ಇದು ನಿನ್ನ ಕಾಲುಂಗುರ!”

ಇಡೀ ಕೆರೆಯಂಚು ನಕ್ಕಿತು. ನನ್ನ ಗಂಡ ಗುದ್ದಲಿಗೆ ಒರಗಿಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ನಾನು ಸೋಲುವವಳೇ? “ಅದಕ್ಕೇನು, ಬಿಚ್ಚಿಡ್ತೀನಿ!” ಎಂದು ಬಗ್ಗಿದೆ.

ಅವರ ನಗು ಥಟ್ಟನೆ ನಿಂತಿತು. “ಏಯ್! ನಾನ್ ಇನ್ನೂ ಬದುಕಿದೀನಿ ಕಣೇ!”

ಹೆಂಗಸರೂ ‘ಅಯ್ಯಯ್ಯೋ, ಬಿಚ್ಬಾರ್ದು’ ಎಂದು ಕೂಗಿದರು. ಸರಿ, ಗಂಡನ ಆಯುಸ್ಸಿಗೂ ವಿಜ್ಞಾನಕ್ಕೂ ರಾಜಿ ಮಾಡಿಸಲು ನಿರ್ಧರಿಸಿದೆ. ಕಾಲು ಹಿಂದಿಟ್ಟು, ಸೊಂಟ ಬಗ್ಗಿಸಿ, ಕೈಯನ್ನು ಆದಷ್ಟೂ ಮುಂದೆ ಚಾಚಿ, ತಟ್ಟೆಯನ್ನು ದೂರದಲ್ಲಿ ಆಡಿಸಿದೆ. ಡಬ್ಬಿ ಸುಮ್ಮನಾಯಿತು. ಇದೇ ಸರಿಯಾದ ಭಂಗಿ! ಹೆಮ್ಮೆಯಿಂದ ಒಂದು ಹೆಜ್ಜೆ ಹಿಂದಿಟ್ಟೆ. ಹಿಂದೆ ಏಳನೇ ಗುಂಡಿ ಇತ್ತು.

ನಾನು ಗುಂಡಿಗೆ, ಡಿಟೆಕ್ಟರ್ ಕೆರೆಗೆ. ಅದು ನೀರೊಳಗಿಂದ ದೀರ್ಘವಾಗಿ ‘ಕುಂಯ್ಯ್ಯ್’ ಎಂದು ಪ್ರಾಣ ಬಿಟ್ಟಿತು.

ರತ್ನ ಮರಳಲ್ಲಿ ಕುಸಿದು ಕೂತಳು. “ಅತ್ತೆ ಮೊಖ ಎಂಗ್ ನೋಡ್ಲಿ ಅತ್ತಿಗೆ?” ಎಂದಳು. ಆಗ ಮಾತ್ರ ನನಗೆ ನಿಜವಾಗಿ ನಾಚಿಕೆಯಾಯಿತು. ಇವಳ ಸಂಕಟದ ನಡುವೆ ನಾನು ಮೆರವಣಿಗೆ ಹೊರಟಿದ್ದೆನಲ್ಲ!

ಸೆಲ್ವಂ ಅಣ್ಣ ಮಾತ್ರ ನನ್ನ ಗುಂಡಿಗಳ ಪಕ್ಕದ ಮರಳಗುಡ್ಡೆಗಳನ್ನೇ ನೋಡುತ್ತಿದ್ದರು. “ಇಷ್ಟು ಮಣ್ಣು ತೆಗ್ದಿದೀರ. ತೊಳೆದು ನೋಡಿದ್ರಾ? ಒಂದು ಬೇಸಿನ್ ಕೊಡಿ ಮಾ” ಎಂದರು.

ಬಟ್ಟೆಯ ಬೇಸಿನ್ ಬಂತು. ಅದರಲ್ಲಿ ಮರಳು ತುಂಬಿ, ನೀರಲ್ಲಿ ಮುಳುಗಿಸಿ, ನಿಧಾನವಾಗಿ ತಿರುಗಿಸುತ್ತಾ ಮೇಲಿನ ಮಣ್ಣನ್ನು ಹರಿಯಬಿಟ್ಟರು. ನಾವೆಲ್ಲರೂ ಕೈಹಚ್ಚಿದೆವು. ನಾನು ಹೊರುತ್ತಿದ್ದೆ, ರತ್ನ ತುಂಬುತ್ತಿದ್ದಳು, ನನ್ನ ಗಂಡ ಬಾಯಿ ಮುಚ್ಚಿಕೊಂಡಿದ್ದರು. ಒಂಬತ್ತನೇ ಗುಡ್ಡೆಯ ಮರಳಲ್ಲಿ, ಬೇಸಿನ್ನಿನ ತಳದಲ್ಲಿ, ಕೆಂಪು ಹರಳಿನ ಓಲೆ ಕಣ್ಣು ಬಿಟ್ಟಿತು!

ರತ್ನ ಅದನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ನನ್ನ ಕೊರಳಿಗೆ ಜೋತುಬಿದ್ದು ಅತ್ತಳು. ನಾನೂ ಅತ್ತೆ. ಆಮೇಲೆ ಕಣ್ಣೊರೆಸಿಕೊಂಡು, “ಒಂಬತ್ತನೇ ಗುಂಡಿ ತೋಡಿದ್ದು ಯಾರು?” ಎಂದು ನೆರೆದವರನ್ನು ಕೇಳಿದೆ. ಸತ್ಯ ದಾಖಲಾಗಬೇಕಲ್ಲ!

“ನೀನೇ ಕಣಮ್ಮ” ಎಂದರು ಗಂಡ. “ಮಿಷಿನ್ ಮಾತ್ ಕೇಳಿ ತೋಡ್ದೆ, ಮಿಷಿನ್ ಸತ್ ಮೇಲೆ ಸಿಕ್ತು.”

ನಿಶ್ಚಿತಾರ್ಥದ ದಿನ ನನ್ನ ಕೀರ್ತಿ ನನಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ರತ್ನಳ ಅತ್ತೆಗೂ ಸುದ್ದಿ ಮುಟ್ಟಿತ್ತು; ಓಲೆ ಸಿಕ್ಕಿತಲ್ಲ ಎಂದು ಬೈಯದೆ ಬಿಟ್ಟಿದ್ದರು. ಹುಡುಗಿಯ ಕಿವಿಯಲ್ಲಿ ಎರಡೂ ಓಲೆ ಮಿನುಗುತ್ತಿದ್ದವು. ರತ್ನ ನನ್ನ ಕೈ ಹಿಡಿದು ಗಂಡಿನ ದೊಡ್ಡಪ್ಪನ ಮುಂದೆ ನಿಲ್ಲಿಸಿ, “ಕೆರೆತಾವ ಓಲೆ ಉಡುಕಿಕೊಟ್ಟೋರು ಇವ್ರೇ” ಎಂದಳು. ನಾನು ಎದೆ ಸೆಟೆಸಿ, ಬರಲಿರುವ ಹೊಗಳಿಕೆಗೆ ವಿನಯದ ಮುಖ ಸಿದ್ಧಮಾಡಿಕೊಂಡೆ.

ಆ ಹಿರಿಯರು ಎರಡೂ ಕೈ ಮುಗಿದರು.

“ಒಂದೇ ಬೆಳಿಗ್ಗೆ ಅನ್ನೊಂದು ಗುಂಡಿ ಅಂತಲ್ಲಮ್ಮ! ನಮ್ ತ್ವಾಟದಾಗೆ ತೆಂಗಿನ ಸಸಿ ಇಕ್ಬೇಕು. ಯಾವಾಗ್ ಬತ್ತೀರಾ?”