ನಾಲ್ಕು ಇಂಚಿನ ವ್ಯತ್ಯಾಸ ಕುರಿತು ಸ್ಪಷ್ಟೀಕರಣ

ಇಂದ,
ಕಾಲರ್ ಅಕ್ಕ
(ಅರ್ಜಿಯಲ್ಲಿ ಪೂರ್ತಿ ಹೆಸರಿದೆ. ಆದರೆ ಆ ಹೆಸರು ಹಿಡಿದು ಕೂಗಿದರೆ ನಾನು ತಿರುಗಿ ನೋಡುವ ಭರವಸೆ ಇಲ್ಲ.)
ಇಬ್ಬರು ಮಾಲೀಕರ ಪೈಕಿ ಕಿರಿಯವಳು,
ಹೊಸ ಹೊಲಿಗೆ ಅಂಗಡಿ, ಬೀಗ ರಿಪೇರಿಯವರ ಪಕ್ಕದ ಮಳಿಗೆ.

ಗೆ,
‘ಪರಿಶೀಲನೆಯಲ್ಲಿದೆ’ ಎಂಬ ಪದದ ಹಿಂದೆ ಕುಳಿತಿರುವ ಅಧಿಕಾರಿಗಳು,
ವ್ಯಾಪಾರ ತೆರಿಗೆ ನೋಂದಣಿ ವಿಭಾಗ
(ಕೊಠಡಿ ಸಂಖ್ಯೆ ತಿಳಿದುಬಂದಿಲ್ಲ).

ದಿನಾಂಕ: ಈ ತಿಂಗಳ 24, ಬುಧವಾರ.

ವಿಷಯ: ನಮ್ಮ ಅಂಗಡಿಯ ತೆರಿಗೆ ನೋಂದಣಿ ಸಂಖ್ಯೆಯನ್ನು ಬರುವ ಮಂಗಳವಾರ ಸಂಜೆ ಐದು ಗಂಟೆಯೊಳಗೆ ದಯಪಾಲಿಸುವ ಬಗ್ಗೆ, ಹಾಗೂ ದಿನಕ್ಕೆ ಆರು ಸಲ ಅರ್ಜಿಯ ಸ್ಥಿತಿ ನೋಡುವ ಕೆಲಸದಿಂದ ಒಂದು ಕುಟುಂಬವನ್ನೂ ಒಂದು ಬಸ್ಸನ್ನೂ ಬಿಡುಗಡೆ ಮಾಡುವ ಬಗ್ಗೆ.

ಉಲ್ಲೇಖ:
1. ನಮ್ಮ ಆನ್‌ಲೈನ್ ಅರ್ಜಿ, ದಿನಾಂಕ 3. ಇದರ ಸಂಖ್ಯೆ ಹದಿನೈದು ಅಂಕಿಯದ್ದು. ನನ್ನ ಅತ್ತೆಯವರಿಗೆ ಬಾಯಿಪಾಠ.
2. ತಮ್ಮ ವೆಬ್‌ಸೈಟಿನ ಉತ್ತರ: ‘ಪರಿಶೀಲನೆಯಲ್ಲಿದೆ’ (ಹದಿಮೂರು ದಿನ ಇದೇ).
3. ತಮ್ಮ ವೆಬ್‌ಸೈಟಿನ ಇನ್ನೊಂದು ಉತ್ತರ: ‘ವ್ಯತ್ಯಾಸ ಕಂಡುಬಂದಿದೆ’ (ಯಾವುದರಲ್ಲಿ ಎಂದು ತಿಳಿಸದೆ).
4. ಸಹಾಯವಾಣಿಯಲ್ಲಿ ನಲವತ್ತು ನಿಮಿಷ ಕೇಳಿದ ಸಂಗೀತ.

ಮಾನ್ಯರೇ,

ತಮ್ಮ ಸಮಯ ಅಮೂಲ್ಯವೆಂದು ತಮ್ಮ ವೆಬ್‌ಸೈಟೇ ಪ್ರತಿ ಪುಟದಲ್ಲೂ ಹೇಳುತ್ತದೆ. ಆದ ಕಾರಣ ನೇರವಾಗಿ ವಿಷಯಕ್ಕೆ ಬರುತ್ತ ಈ ಕೆಳಕಂಡ ಅಂಶಗಳನ್ನು ಅರಿಕೆ ಮಾಡಿಕೊಳ್ಳುತ್ತೇನೆ.

1. ನಾನು ಹತ್ತೊಂಬತ್ತು ವರ್ಷ ಇದೇ ಬೀದಿಯ ಆ ತುದಿಯಲ್ಲಿರುವ ದೊಡ್ಡ ಟೈಲರ್ ಅಂಗಡಿಯಲ್ಲಿ ಷರ್ಟಿನ ಕಾಲರ್ ಹೊಲಿದವಳು. ಕಾಲರ್ ಮಾತ್ರ; ತೋಳು, ಜೇಬು ಬೇರೆಯವರ ಪಾಲು. ಕಾಲರ್ ಕೂರಿಸಿದ ಮೇಲೆ ಅದರೊಳಗೆ ಮಾಲೀಕರ ಹೆಸರಿನ ಪಟ್ಟಿಯನ್ನೂ ನಾನೇ ಹೊಲಿಯಬೇಕಿತ್ತು. ಹೀಗೆ ಹತ್ತೊಂಬತ್ತು ವರ್ಷ ಇನ್ನೊಬ್ಬರ ಹೆಸರನ್ನು ಊರವರ ಕುತ್ತಿಗೆಗೆ ಕಟ್ಟಿದ ಮೇಲೆ ನನ್ನ ಹೆಸರೂ ಎಲ್ಲಾದರೂ ಒಂದು ಕಡೆ ಇರಲಿ ಎಂಬ ಆಸೆ ಹುಟ್ಟಿತು. ಆಸೆಗೆ ತೆರಿಗೆ ಇಲ್ಲವೆಂದು ಭಾವಿಸಿದ್ದೇನೆ, ಇದ್ದಲ್ಲಿ ತಿಳಿಸುವುದು.

2. ಇನ್ನೊಬ್ಬ ಮಾಲೀಕರು ನನ್ನ ಅತ್ತೆ, ಅಂದರೆ ನನ್ನ ಗಂಡನ ತಾಯಿ. ಮದುವೆಯಾಗಿ ಬಂದ ವರ್ಷದಿಂದ ಕಿಟಕಿಯ ಪಕ್ಕ ಕೂತು ಬೀದಿಯ ಎಲ್ಲ ಅಂಗಡಿಗಳಿಗೂ ಕಾಜ ಮಾಡಿ ಗುಂಡಿ ಹಾಕಿಕೊಟ್ಟವರು. ಅರ್ಜಿಯಲ್ಲಿ ‘ಪಾಲುದಾರರ ವೃತ್ತಿ ಅನುಭವ’ ಎಂಬ ಕಾಲಂ ಬಂದಾಗ ಅವರನ್ನು ಕೇಳಿದೆ.

“ನಂಗೇನು ಅನುಭವ? ಮನೇಲಿ ಕೂತು ಗುಂಡಿ ಹಾಕಿದವಳು. ಏನೂ ಇಲ್ಲ ಅಂತ ಬರಿ,” ಎಂದರು.

ನಾನು 41 ವರ್ಷ ಎಂದು ತುಂಬಿದೆ. ಅವರು ಕನ್ನಡಕ ಹಾಕಿಕೊಂಡು ಆ ಅಂಕಿಯನ್ನು ಬಹಳ ಹೊತ್ತು ನೋಡಿದರು. ಸದ್ಯ, ಅಳಿಸು ಎನ್ನಲಿಲ್ಲ.

3. ಅರ್ಜಿ ಹಾಕಿದ ಮರುದಿನದಿಂದ ಸ್ಥಿತಿ ನೋಡುವ ಕೆಲಸ ಶುರುವಾಯಿತು. ಇದು ಒಬ್ಬರಿಂದ ಆಗುವಂಥದ್ದಲ್ಲ ಎಂಬುದು ತಮ್ಮ ಗಮನಕ್ಕೆ ಬಂದಿರಲಿಕ್ಕಿಲ್ಲ, ಆದ್ದರಿಂದ ವಿವರಿಸುತ್ತೇನೆ. ಮೊದಲಿಗೆ ಅರ್ಜಿಯ ಸಂಖ್ಯೆ ಒತ್ತಬೇಕು. ಅತ್ತೆ ಹೇಳುತ್ತಾರೆ, ನಾನು ಒತ್ತುತ್ತೇನೆ. ನಂತರ ನಾವು ಮನುಷ್ಯರೆಂದು ಸಾಬೀತುಪಡಿಸಲು ತಮ್ಮ ವೆಬ್‌ಸೈಟು ವಕ್ರವಕ್ರವಾದ ಇಂಗ್ಲಿಷ್ ಅಕ್ಷರಗಳನ್ನು ತೋರಿಸುತ್ತದೆ. ನನಗೆ ಇಂಗ್ಲಿಷ್ ಅಷ್ಟಿಷ್ಟು ಬರುತ್ತದೆ, ಹಾಗಾಗಿ ತಪ್ಪುತ್ತೇನೆ. ಅತ್ತೆಗೆ ಒಂದಕ್ಷರವೂ ಬಾರದು, ಆದರೆ ಅವರು ಅದನ್ನು ಸೊಟ್ಟಗೆ ಬಿದ್ದ ಹೊಲಿಗೆ ಎಂದೇ ನೋಡಿ, ಅಂಥದ್ದೇ ಆಕಾರವನ್ನು ಕೀಲಿಮಣೆಯಲ್ಲಿ ಹುಡುಕಿ ತೋರಿಸುತ್ತಾರೆ. ಇದುವರೆಗೆ ಒಂದು ಸಲವೂ ತಪ್ಪಿಲ್ಲ. ನಮ್ಮ ಮನೆಯಲ್ಲಿ ಸಂಪೂರ್ಣವಾಗಿ ಮನುಷ್ಯರೆಂದು ಸಾಬೀತಾಗಿರುವುದು ಅವರೊಬ್ಬರೇ.

4. ಆಮೇಲೆ ಓಟಿಪಿ. ನೋಂದಾಯಿಸಿದ ಮೊಬೈಲ್ ನಮ್ಮ ಮನೆಯವರದು. ಅವರು ಬಸ್ ಡ್ರೈವರ್. ಓಡಿಸುವಾಗ ಫೋನ್ ಮುಟ್ಟುವವರಲ್ಲ. ಆದ ಕಾರಣ ಬಸ್ಸು ಕೊನೆಯ ನಿಲ್ದಾಣ ತಲುಪಿ ಎಂಜಿನ್ ಆರಿಸಿದಾಗ ಮಾತ್ರ ನಮಗೆ ಓಟಿಪಿ ಸಿಗುತ್ತದೆ. ದಿನಕ್ಕೆ ಆರು ಟ್ರಿಪ್, ಆರು ಸಲ. ಎಂಜಿನ್ ಸದ್ದಿನಲ್ಲಿ ವರ್ಷಗಟ್ಟಲೆ ಕೂತು ಅವರಿಗೆ ಮೆತ್ತಗೆ ಮಾತಾಡಿ ಅಭ್ಯಾಸವಿಲ್ಲ. ಓಟಿಪಿಯನ್ನು ಯಾರೊಂದಿಗೂ ಹಂಚಿಕೊಳ್ಳಬೇಡಿ ಎಂಬ ತಮ್ಮ ಸೂಚನೆಯನ್ನು ಅವರು ಓದಿ, ತಲೆಯಾಡಿಸಿ, ಬಳಿಕ ಇಡೀ ಬಸ್ಸಿಗೆ ಕೇಳುವಂತೆ ಅಂಕಿಗಳನ್ನು ಹೇಳುತ್ತಾರೆ.

“ಬರ್ಕೋ. ಒಂಬತ್ತು, ಎರಡು, ಎರಡು... ಅಲ್ಲಿ ಹಿಂದೆ ಸೀಟಿದೆ ಕೂತ್ಕೊಳ್ಳಿ ಅಜ್ಜಿ... ಏಳು...”

ಹೀಗಾಗಿ ಹತ್ತೂವರೆ ಬಸ್ಸಿನ ಖಾಯಂ ಪ್ರಯಾಣಿಕರಿಗೆಲ್ಲ ನಮ್ಮ ಅರ್ಜಿಯ ವಿಚಾರ ಗೊತ್ತು. ಹತ್ತುವಾಗ ಟಿಕೆಟ್ ಕೇಳುವ ಮೊದಲು “ಡ್ರೈವರಣ್ಣ, ಆಯ್ತಾ?” ಎನ್ನುತ್ತಾರೆ. ಬ್ಯಾಂಕಿನ ನಿವೃತ್ತ ಗುಮಾಸ್ತರೊಬ್ಬರು ಇದಕ್ಕಾಗಿಯೇ ಈಗಲೂ ಅದೇ ಬಸ್ಸಿಗೆ ಬರುತ್ತಿದ್ದಾರೆಂದು ತಿಳಿದುಬಂದಿದೆ.

5. ದಿನಾಂಕ 16ರಂದು ಸ್ಥಿತಿ ಬದಲಾಯಿತು. ‘ವ್ಯತ್ಯಾಸ ಕಂಡುಬಂದಿದೆ. ಮೂರು ದಿನಗಳೊಳಗೆ ಸ್ಪಷ್ಟೀಕರಣ ನೀಡಿ.’ ಏನು ವ್ಯತ್ಯಾಸ ಎಂದು ಎಲ್ಲೂ ಇರಲಿಲ್ಲ. ತಮ್ಮಂಥವರು ಕಂಡುಹಿಡಿದಿದ್ದೀರಿ ಎಂದ ಮೇಲೆ ಇದ್ದೇ ಇರಬೇಕೆಂದು ನಾವು ಮೂವರೂ ಊಟದ ಮೇಜಿಗೆ ಕೂತು ನಮ್ಮನಮ್ಮ ತಪ್ಪುಗಳನ್ನು ನೆನಪಿಸಿಕೊಂಡೆವು. ಅತ್ತೆಯವರು ತಮಗೆ ಅರವತ್ತೆಂಟೋ ಅರವತ್ತೊಂಬತ್ತೋ ಎಂಬ ಬಗ್ಗೆ ಮೊದಲಿನಿಂದಲೂ ಅನುಮಾನವಿತ್ತೆಂದು ಒಪ್ಪಿಕೊಂಡರು. ನಾನು, ನಮ್ಮ ಅಂಗಡಿಯ ಫಲಕದ ಮೇಲಿನ ಕತ್ತರಿಯ ಚಿತ್ರ ಎಡಗೈಯವರದ್ದೆಂದೂ ನಾನು ಬಲಗೈಯವಳೆಂದೂ ಬರೆದೆ. ಅರ್ಜಿದಾರರೇ ಅಲ್ಲದ ನಮ್ಮ ಮನೆಯವರು ಕೂಡ ಸುಮ್ಮನಿರಲಾರದೆ, ಗುರುತಿನ ಚೀಟಿಯ ಫೋಟೊದಲ್ಲಿ ಮೀಸೆ ಇದ್ದು ಈಗ ಇಲ್ಲದಿರುವುದನ್ನು ಸೇರಿಸಲು ಹೇಳಿದರು. ಒಟ್ಟು ಮೂರು ಪುಟ. ಕೇಳದ ತಪ್ಪುಗಳನ್ನೂ ಒಪ್ಪಿಕೊಂಡು ಕಳಿಸಿದ್ದಕ್ಕೆ ಬಂದ ಉತ್ತರ: ‘ಸ್ಪಷ್ಟೀಕರಣವು ಪರಿಶೀಲನೆಯಲ್ಲಿದೆ.’

6. ಕೊನೆಗೆ ನಿನ್ನೆ ಸಹಾಯವಾಣಿಗೆ ಫೋನ್ ಮಾಡಿದೆ. ಉಲ್ಲೇಖ 4ರ ಸಂಗೀತ ಮುಗಿದ ಮೇಲೆ ಒಬ್ಬ ಹೆಣ್ಣುಮಗಳು ಸಿಕ್ಕಳು. ಬಲು ಒಳ್ಳೆಯ ಹುಡುಗಿ. ಅವಳ ಮೇಲೆ ಯಾವ ದೂರೂ ಇಲ್ಲ.

“ಮೇಡಂ, ನಿಮ್ಮ ಅಂಗಡಿ ಉದ್ದ ಅರ್ಜೀಲಿ ಹತ್ತಡಿ ನಾಲ್ಕಿಂಚು ಅಂತಿದೆ. ಬಾಡಿಗೆ ಕರಾರಲ್ಲಿ ಹತ್ತೇ ಅಡಿ. ಅಗಲದಲ್ಲೂ ಹಾಗೇ, ನಾಲ್ಕಿಂಚು ಜಾಸ್ತಿ. ಪಕ್ಕದವರ ಜಾಗ ಏನಾದ್ರೂ ಸೇರಿಸ್ಕೊಂಡಿದ್ದೀರಾ?”

ಫೋನು ಸ್ಪೀಕರಿನಲ್ಲಿತ್ತು. ಪಕ್ಕದ ಬೀಗ ರಿಪೇರಿಯವರು ಕೈಲಿದ್ದ ಬೀಗ ಕೆಳಗಿಟ್ಟು ಹೊರಗೆ ಬಂದು ತಮ್ಮ ಗೋಡೆ ಮುಟ್ಟಿ ನೋಡಿದರು. “ಇಲ್ಲೇ ಇದೆ ಅಕ್ಕ, ಗಾಬರಿ ಆಗ್ಬೇಡಿ,” ಎಂದರು.

ನನಗೆ ಆಗ ಹೊಳೆಯಿತು. ಮಾನ್ಯರೇ, ಬಟ್ಟೆ ಕತ್ತರಿಸುವವರು ಯಾರೂ ಮೈಯ ಅಳತೆಗೆ ಸರಿಯಾಗಿ ಕತ್ತರಿಸುವುದಿಲ್ಲ. ಆ ಕಡೆ ಎರಡಿಂಚು, ಈ ಕಡೆ ಎರಡಿಂಚು ಹೊಲಿಗೆಗೆಂದು ಬಿಡುತ್ತಾರೆ. ಮುಂದೆ ದಪ್ಪವಾದರೆ ಬಿಚ್ಚಿ ಸಡಿಲ ಮಾಡಬಹುದು. ನಾನು ಅಂಗಡಿಯನ್ನು ನನ್ನ ಟೇಪಿನಿಂದಲೇ ಅಳೆದಿದ್ದೆ. ಹತ್ತು ಅಡಿ ಬಂತು. ಕೈ ತನ್ನಷ್ಟಕ್ಕೆ ಆ ಕಡೆ ಎರಡು, ಈ ಕಡೆ ಎರಡು ಬಿಟ್ಟು ಬರೆಯಿತು. ಇದರಲ್ಲಿ ವಂಚನೆಯ ಉದ್ದೇಶ ಎಳ್ಳಷ್ಟೂ ಇರಲಿಲ್ಲ. ಗೋಡೆಯನ್ನು ಬಿಚ್ಚಿ ಸಡಿಲ ಮಾಡಲು ಬರುವುದಿಲ್ಲ ಎಂಬುದು ಆ ಹೊತ್ತಿನಲ್ಲಿ ನೆನಪಾಗಲಿಲ್ಲ.

ಅತ್ತೆಯವರಿಗೆ ಹೇಳಿದಾಗ ಅವರು ಗುಂಡಿಯಿಂದ ತಲೆ ಎತ್ತಲಿಲ್ಲ.

“ಎಷ್ಟು ಬಿಟ್ಟೆ?”

“ಎರಡೆರಡು.”

“ಸರಿಯಾಗೇ ಬಿಟ್ಟಿದ್ದೀಯಲ್ಲ. ಇದ್ರಲ್ಲಿ ತಪ್ಪೇನಿದೆ?”

“ಅಂಗಡಿ ದಪ್ಪ ಆಗಲ್ಲ ಅತ್ತೆ.”

“ವ್ಯಾಪಾರ ಚೆನ್ನಾಗಾದ್ರೆ ಆಗುತ್ತೆ,” ಎಂದರು.

7. ತಿದ್ದಲು ನಾನು ಸಿದ್ಧಳಿದ್ದೇನೆ. ಆದರೆ ಸಹಾಯವಾಣಿಯ ಪ್ರಕಾರ, ನಾವು ಕೊಟ್ಟ ಮೂರು ಪುಟಗಳ ಸ್ಪಷ್ಟೀಕರಣ ಇತ್ಯರ್ಥವಾಗುವವರೆಗೆ ತಿದ್ದುಪಡಿಯ ಪುಟ ತೆರೆಯುವುದಿಲ್ಲ. ಮೀಸೆಯ ವಿಚಾರವನ್ನು ಯಾರೋ ಕೂಲಂಕಷವಾಗಿ ನೋಡುತ್ತಿದ್ದಾರೆಂದು ಕಾಣುತ್ತದೆ. ಆ ಹುಡುಗಿಯನ್ನು ಕೇಳಿದೆ, “ತಿರಸ್ಕಾರ ಆದ್ರೆ ಏನಮ್ಮ?”

“ಆಗ ನಿಮ್ಮ ಅರ್ಜಿ ಪುಟಾನೇ ಇರಲ್ಲ ಮೇಡಂ. ಹೆಸರು, ವಿವರ ಎಲ್ಲ ಅವತ್ತೇ ಅಳಿಸಿಹೋಗುತ್ತೆ. ಹೊಸದಾಗಿ ಹಾಕ್ಬೇಕು. ಮೂವತ್ತು ದಿನ ಹಿಡಿಯುತ್ತೆ.”

ಈ ಕೊನೆಯ ಮಾತನ್ನು ಕೇಳುವಾಗ ನಾನು ಸ್ಪೀಕರ್ ಆರಿಸಿದ್ದೆ. ಅತ್ತೆಗೆ ಇನ್ನೂ ಹೇಳಿಲ್ಲ.

8. ಮೂವತ್ತು ದಿನ ನಮ್ಮಲ್ಲಿಲ್ಲ. ದೊಡ್ಡಾಸ್ಪತ್ರೆಯ ಮೇಟ್ರನ್ ನನ್ನ ಕಾಲರನ್ನು ಬೆರಳಲ್ಲಿ ಉಜ್ಜಿ ನೋಡಿ, ನೂರ ನಲವತ್ತು ಬಿಳಿ ಕೋಟು ನಮಗೇ ಕೊಡುವುದಾಗಿ ಹೇಳಿದ್ದಾರೆ. “ಆದ್ರೆ ನೋಂದಣಿ ಸಂಖ್ಯೆ ಇಲ್ದೆ ಕಾಗದದ ಮೇಲೆ ನೀವು ನನಗೆ ಕಾಣಿಸಲ್ಲಮ್ಮ. ಮೂವತ್ತನೇ ತಾರೀಕು ಸಂಜೆ ಐದಕ್ಕೆ ಪಟ್ಟಿ ಮುಚ್ಚುತ್ತೆ,” ಎಂದಿದ್ದಾರೆ. ಆ ಕೋಟುಗಳು ಸಿಕ್ಕರೆ ಅಂಗಡಿ ಉಳಿಯುತ್ತದೆ. ಸಿಗದಿದ್ದರೆ ಉಳಿಯುವುದಿಲ್ಲ. ಇದರಲ್ಲಿ ಯಾವ ವ್ಯತ್ಯಾಸವೂ ಕಂಡುಬರುವುದಿಲ್ಲ.

ನನ್ನ ಹಳೆಯ ಮಾಲೀಕರು ದಿನಾ ಬೆಳಿಗ್ಗೆ ನಮ್ಮ ಅಂಗಡಿಯ ಮುಂದೆ ಹಾದುಹೋಗುತ್ತ ಒಂದು ನಿಮಿಷ ನಿಲ್ಲುತ್ತಾರೆ. “ನಿನ್ನ ಮಿಷನ್ ಮೇಲೆ ಯಾರನ್ನೂ ಕೂರಿಸಿಲ್ಲ ಕಣಮ್ಮ. ತಿಂಗಳ ಕೊನೇವರೆಗೂ ಹಾಗೇ ಇರುತ್ತೆ. ಎಣ್ಣೆನೂ ಹಾಕ್ಸಿದ್ದೀನಿ.” ಅವರು ಕೆಟ್ಟವರಲ್ಲ, ಅದೇ ನನಗೆ ಭಯ. ಕೆಟ್ಟವರಾಗಿದ್ದರೆ ಸಿಟ್ಟು ಮಾಡಿಕೊಂಡು ಗಟ್ಟಿಯಾಗಿರಬಹುದಿತ್ತು. ನನಗೆ ಆ ಕುರ್ಚಿಗೆ ವಾಪಸ್ ಹೋಗಲು ಇಷ್ಟವಿಲ್ಲ. ಇದನ್ನು ಕಚೇರಿಯ ಭಾಷೆಯಲ್ಲಿ ಬರೆಯಲು ಎರಡು ಹಾಳೆ ಹರಿದುಹಾಕಿದೆ, ಬರಲಿಲ್ಲ. ಹಾಗಾಗಿ ಹೀಗೇ ಬರೆದಿದ್ದೇನೆ.

ಕಾರಣ, ಮೇಲ್ಕಂಡ ಎಲ್ಲ ಅಂಶಗಳನ್ನು ಪರಿಗಣಿಸಿ,

(ಅ) ಅಂಗಡಿಯ ಉದ್ದ ಹತ್ತೇ ಅಡಿ ಎಂದು ಓದಿಕೊಳ್ಳಬೇಕಾಗಿಯೂ, ಅಗಲದಲ್ಲೂ ನಾಲ್ಕಿಂಚು ಕಡಿಮೆ ಮಾಡಿಕೊಳ್ಳಬೇಕಾಗಿಯೂ;

(ಆ) ನಮ್ಮ ಮನೆಯವರ ಮೀಸೆ, ಅತ್ತೆಯವರ ವಯಸ್ಸು, ಎಡಗೈ ಕತ್ತರಿ ಇವುಗಳನ್ನು ಪರಿಶೀಲನೆಯಿಂದ ಕೈಬಿಡಬೇಕಾಗಿಯೂ;

(ಇ) ಮಂಗಳವಾರದೊಳಗೆ ಒಂದು ಸಂಖ್ಯೆ, ಎಷ್ಟೇ ಅಂಕಿಯದ್ದಾಗಿರಲಿ, ಕೊಡಬೇಕಾಗಿಯೂ;

(ಈ) ಅದಾಗದಿದ್ದಲ್ಲಿ, ‘ಪರಿಶೀಲನೆಯಲ್ಲಿದೆ’ ಎಂಬುದರ ಪಕ್ಕದಲ್ಲಿ ‘ಓದಿದ್ದೇನೆ’ ಎಂದಾದರೂ ಯಾರಾದರೂ ಒಬ್ಬರು ಸೇರಿಸಬೇಕಾಗಿಯೂ

ಕೋರುತ್ತೇನೆ. ಹಾಗೆ ಮಾಡಿದಲ್ಲಿ ಹತ್ತೂವರೆ ಬಸ್ಸಿನವರೂ ತಮಗೆ ಆಭಾರಿಯಾಗಿರುತ್ತಾರೆ.

ತಮ್ಮ ವಿಶ್ವಾಸಿ
(ವಿಶ್ವಾಸವು ದಿನಕ್ಕೆ ಆರು ಸಲ ಪರಿಶೀಲನೆಯಲ್ಲಿದೆ),
ಕಾಲರ್ ಅಕ್ಕ

ಅಡಕಗಳು:
1. ಬಾಡಿಗೆ ಕರಾರಿನ ನಕಲು.
2. ತಮ್ಮ ಗೋಡೆ ಇದ್ದಲ್ಲೇ ಇದೆ ಎಂದು ಬೀಗ ರಿಪೇರಿಯವರು ಬರೆದುಕೊಟ್ಟ ದೃಢೀಕರಣ.
3. ಮಾದರಿ ಕಾಲರ್ ಒಂದು. ಉಜ್ಜಿ ನೋಡಬಹುದು.
4. ಬಸ್ ಪ್ರಯಾಣಿಕರ ಸಹಿ, ಇಪ್ಪತ್ತಮೂರು. ಬ್ಯಾಂಕಿನ ನಿವೃತ್ತರದ್ದು ಎರಡು ಸಲ ಇದೆ. ಅವರೇ ಬೇಕೆಂದು ಹಾಕಿದ್ದು.

ವಿಶೇಷ ಸೂಚನೆ: ಇದನ್ನು ಅತ್ತೆಯವರಿಗೆ ತೋರಿಸದೆ ಬರೆಯುತ್ತಿದ್ದೇನೆ. ಅವರಿಗೊಬ್ಬರು ಅಕ್ಕ ಇದ್ದಾರೆ. ದೊಡ್ಡ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮೇಜಿನ ಮೇಲೆ ಹೆಸರಿನ ಹಲಗೆ ಇತ್ತಂತೆ. ಬಂದಾಗಲೆಲ್ಲ ಪ್ರೀತಿಯಿಂದಲೇ ಅತ್ತೆಯ ತಲೆ ಸವರಿ, “ಇವಳು ಪಾಪ, ಮನೇಲೇ ಇದ್ಲು,” ಎನ್ನುತ್ತಾರೆ. ಮೊನ್ನೆ ಅತ್ತೆ ಅವರಿಗೆ ಫೋನ್ ಮಾಡಿ, “ಸೋಮವಾರ ಬಾ ಅಕ್ಕ, ಒಂದು ತೋರಿಸ್ಬೇಕು,” ಎಂದರು. ಏನು ತೋರಿಸುತ್ತೀರಿ ಎಂದು ಕೇಳಿದ್ದಕ್ಕೆ, ದಿನಾ ನೋಡುವ ಆ ಅರ್ಜಿಯ ಪುಟ ಎಂದರು. ಅದರಲ್ಲಿ ‘ಮಾಲೀಕರು’ ಎಂಬುದರ ಕೆಳಗೆ ಮೊದಲನೆಯ ಹೆಸರು ಅತ್ತೆಯವರದು. ಅವರು ದಿನಕ್ಕೆ ಆರು ಸಲ ನೋಡುತ್ತಿದ್ದುದು ಸ್ಥಿತಿಯನ್ನಲ್ಲ ಎಂಬುದು ನನಗೆ ಗೊತ್ತಾದದ್ದು ಆಗಲೇ.

ಆದ್ದರಿಂದ ನಮ್ಮ ಅರ್ಜಿಯನ್ನು ತಿರಸ್ಕರಿಸುವುದೇ ತಮ್ಮ ತೀರ್ಮಾನವಾದಲ್ಲಿ, ದಯಮಾಡಿ ಮಂಗಳವಾರ ತಿರಸ್ಕರಿಸಬೇಕಾಗಿ ವಿನಂತಿ.