ಎರಡೇ ಫೋನು, ಒಂದೇ ಮುಖ

ಒಂದು ಕಡೆ ನಿಲ್ಲದವನ ಕಾಲಿಗೆ ಮುಳ್ಳು ಜಾಸ್ತಿ ಅಂತ ನಮ್ಮವ್ವ ಬೈಯುತ್ತಿದ್ದಳು. ನನ್ನ ಕಾಲಿಗೆ ಮುಳ್ಳಿಗಿಂತ ನಗೆಪಾಟಲಿನ ಸಂಗತಿಗಳೇ ಹೆಚ್ಚು ಚುಚ್ಚಿವೆ. ಐದನೇ ಕ್ಲಾಸಿಗೇ ಸ್ಕೂಲು ಬಿಟ್ಟವನು ನಾನು. ಲಾರಿ ಕ್ಲೀನರ್ ಆದೆ, ಗುಲಾಬಿ ಹೂವಿನ ಲೋಡು ಹತ್ತಿಸಿದೆ, ಮಾವಿನ ತೋಪು ಕಾದೆ. ಯಾವ ಕೆಲಸದಿಂದಲೂ ನನ್ನನ್ನು ಯಾರೂ ಬಿಡಿಸಲಿಲ್ಲ, ಬೇಜಾರಾದಾಗ ನಾನೇ ಬಿಟ್ಟೆ. ಹೋದ ಕಡೆಯೆಲ್ಲ ಏನಾದರೊಂದು ಆಗುತ್ತಲೇ ಇರುತ್ತದೆ. ನಾನು ಮಾಡುವುದಿಲ್ಲ, ಅದಾಗಿ ಅದು ಆಗುತ್ತದೆ. ಆದರೆ ಆ ಮುಖ ಕಾಣುವ ಫೋನು ಜೇಬಿನಲ್ಲಿದ್ದಾಗ ಆದಷ್ಟು ಬೇರೆ ಯಾವಾಗಲೂ ಆಗಿಲ್ಲ.

ಕೆಲಸ ಸಿಕ್ಕಿದ್ದು

ಈಗ ಎಮ್ಮೆ ಕರು ಹಾಕಿದರೂ ವಿಡಿಯೋ ಕಾಲ್ ಮಾಡಿ ತೋರಿಸುತ್ತಾರೆ. ನಾನು ಹೇಳುತ್ತಿರುವುದು ಎಲ್ಲರ ಕೈಯಲ್ಲೂ ಬಟನ್ ಫೋನು ಇದ್ದ ಕಾಲದ ಮಾತು.

ಹೊಸೂರಿನ ಪಕ್ಕದ ಜೂಜುವಾಡಿಯಲ್ಲಿ, ಗಡಿ ದಾಟುವ ಲಾರಿಗಳು ಸಾಲುಗಟ್ಟಿ ನಿಲ್ಲುವ ರಸ್ತೆಯ ಪಕ್ಕ ಒಂದು ಮೊಬೈಲ್ ಅಂಗಡಿ. ಅಂಗಡಿಯವರನ್ನು ನಾನು ಅಣ್ಣ ಅಂತ ಕರೆಯುತ್ತಿದ್ದೆ. ನಲವತ್ತರ ಹತ್ತಿರ ವಯಸ್ಸು, ಒಳ್ಳೇ ವ್ಯಾಪಾರ, ಕೆಟ್ಟ ಚಟ ಒಂದೂ ಇಲ್ಲ. ಇದ್ದದ್ದು ಬಾಯಿ ಒಂದೇ. ಒಂದು ಮಾತಿಗೆ ನಾಲ್ಕು ಮಾತು. ಹೆಣ್ಣು ನೋಡಲು ಹೋದ ಕಡೆಯೆಲ್ಲ ಉಪ್ಪಿಟ್ಟಿನ ತಟ್ಟೆ ಬರುವಷ್ಟರಲ್ಲಿ ಹೆಣ್ಣಿನ ಅಪ್ಪನ ಜೊತೆ ವಾದಕ್ಕೆ ಇಳಿದಿರುತ್ತಿದ್ದರು. ಹಿಂಗಾಗಿ ಹೆಣ್ಣು ಸಿಕ್ಕಿರಲಿಲ್ಲ.

ಒಂದು ದಿನ ಡೀಲರ್ ಬಂದು ಎರಡು ಹೊಸ ಫೋನು ಇಟ್ಟುಹೋದ. ಬಟನ್ನೇ ಇಲ್ಲ, ಬರೀ ಗಾಜು. ಮುಟ್ಟಿದರೆ ಕೆಲಸ ಮಾಡುತ್ತೆ, ಮಾತಾಡುವಾಗ ಮುಖ ಕಾಣುತ್ತೆ. "ಲಾಟು ತರಿಸ್ತೀರಾ ಹೇಳಿ" ಅಂದುಹೋದ.

ಅಣ್ಣ ನನ್ನನ್ನು ಕರೆದರು. "ಲೇ, ಒಂದು ಫೋನು ನನ್ನ ಹತ್ರ ಇರ್ತದೆ, ಇನ್ನೊಂದು ನೀನು ತಗೊಂಡೋಗು. ಊರೂರು ತಿರುಗು. ನಮ್ ಜನಕ್ಕೆ ಇದು ಆಯ್ತದಾ ಇಲ್ವಾ ನೋಡ್ಕೊಂಡ್ ಬಾ."

"ನಾನೇ ಯಾಕಣ್ಣ?"

"ನೀನೂ ಎಲ್ಲೂ ನಿಲ್ಲಲ್ಲ, ಸಿಗ್ನಲ್ಲೂ ಎಲ್ಲೂ ನಿಲ್ಲಲ್ಲ. ಜೋಡಿ ಸರಿಹೋಯ್ತದೆ."

ನಾನು ಹೊರಡುವಾಗ ಅಣ್ಣನ ಅವ್ವ ಬಾಗಿಲ ಹತ್ತಿರ ನನ್ನ ಕೈ ಹಿಡಿದುಕೊಂಡರು. "ಹೆಂಗೂ ತಿರುಗ್ತೀಯ ಮಗಾ, ನನ್ ಮಗನ್ಗೊಂದು ಹೆಣ್ಣು ನೋಡು. ಅವ್ನು ಬಾಯಿ ಮುಚ್ಕೊಂಡು ಒಂದು ಗಳಿಗೆ ಕೂತಿದ್ದಿದ್ರೆ ಇಷ್ಟೊತ್ತಿಗೆ ಮೊಮ್ಮಕ್ಕಳು ಸ್ಕೂಲಿಗೆ ಹೋಗ್ತಿದ್ವು."

"ಫೋನೂ ನೋಡ್ತೀನಿ, ಹೆಣ್ಣೂ ನೋಡ್ತೀನಿ. ಎರಡೂ ಗೆದ್ಕೊಂಡೇ ಬತ್ತೀನಿ" ಅಂದೆ. ನಾನು ಮಾತು ಕೊಡುವುದರಲ್ಲಿ ಯಾವತ್ತೂ ಜಿಪುಣತನ ಮಾಡಿದವನಲ್ಲ.

ಕಿವಿಗೆ ಬಂದ ಕಡ್ಡಿ

ಮೊದಲು ಫೋನು ತೆಗೆದದ್ದು ಹೊಸೂರು ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ. ಜನ ಮುತ್ತಿಕೊಂಡರು. ಟೀ ಮಾಸ್ಟರು ಕೈ ಒರೆಸಿಕೊಂಡು ಬಂದ.

"ಮುಖ ಕಾಣ್ತದಾ? ಹಂಗಾದ್ರೆ ದುಬೈನಾಗಿರೋ ನನ್ ಭಾಮೈದನ್ನ ತೋರ್ಸು."

"ಅವನ ಹತ್ರಾನೂ ಇಂಥದ್ದೇ ಫೋನು ಇರ್ಬೇಕು."

"ಅವನ ಹತ್ರ ಇಲ್ಲ. ಮದ್ರಾಸಿನಾಗಿರೋ ಅಕ್ಕನ್ನ ತೋರ್ಸು."

"ಅವರ ಹತ್ರಾನೂ ಇರ್ಬೇಕು."

"ಮತ್ತೆ ಯಾರು ಕಾಣ್ತಾರೆ?"

"ಸದ್ಯಕ್ಕೆ ನಮ್ ಜೂಜುವಾಡಿ ಅಣ್ಣ ಒಬ್ರೇ."

"ಅವ್ರನ್ನ ನೋಡೋಕೆ ಟೌನ್ ಬಸ್ಸಿದೆಯಲ್ಲಪ್ಪಾ!"

ಆದರೂ ಮಾಡಿ ತೋರಿಸಿದೆ. ಅಣ್ಣನ ಮುಖ ಬಂತು. ಅಂಗಡಿ ಇರುವುದು ಗಡಿಯಲ್ಲಿ, ಕೌಂಟರಿನಲ್ಲಿ ಕೂತರೆ ಕರ್ನಾಟಕದ ಟವರು ಹಿಡಿದು ಕಾಲ್ ಕಟ್ಟಾಗುತ್ತಿತ್ತು. ಹಿಂದಿನ ಗೋಡೆಗೆ ಒರಗಿ ನಿಂತರೆ ಮಾತ್ರ ತಮಿಳುನಾಡಿನ ಟವರು. ಆ ಗೋಡೆಯಲ್ಲಿ ವೆಂಕಟರಮಣಸ್ವಾಮಿಯ ದೊಡ್ಡ ಕ್ಯಾಲೆಂಡರು. ಹಾಗಾಗಿ ಯಾವಾಗ ಕಾಲ್ ಮಾಡಿದರೂ ಮುಂದೆ ಅಣ್ಣ, ಹಿಂದೆ ದೇವರು. ಟೀ ಕುಡಿಯುತ್ತಿದ್ದ ಒಬ್ಬ ಹೆಂಗಸು ಲೋಟ ಕೆಳಗಿಟ್ಟು ಎರಡೂ ಕೈ ಮುಗಿದಳು. ಅಣ್ಣನೂ ತನಗೇ ಅಂದುಕೊಂಡು ಕೈ ಮುಗಿದರು.

ಗಾಜು ಒತ್ತಲು ಫೋನಿನ ಜೊತೆ ಕೊಟ್ಟಿದ್ದ ಪ್ಲಾಸ್ಟಿಕ್ ಕಡ್ಡಿಯನ್ನು ಟೀ ಮಾಸ್ಟರು ತಿರುಗಿಸಿ ನೋಡಿದ, ಕಿವಿಗೆ ಹಾಕಿಕೊಂಡ, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಸುಖಪಟ್ಟ.

"ಫೋನು ಹೆಂಗಾದ್ರೂ ಇರ್ಲಿ" ಅಂದ, "ಕಡ್ಡಿ ಮಾತ್ರ ಫಸ್ಟ್ ಕ್ಲಾಸು. ಇದೊಂದೇ ಬಿಡಿಯಾಗಿ ಸಿಗ್ತದಾ?"

ಕೊಕ್ಕಿನ ಪರೀಕ್ಷೆ

ಕಡ್ಡಿ ಅವನ ಕಿವಿಯಲ್ಲೇ ಉಳಿಯಿತು. ಅಲ್ಲಿಂದ ಮುಂದೆ ಬೆರಳೇ ಗತಿ. ಕೆಲಮಂಗಲದ ಕಡೆ ಒಂದು ಹಳ್ಳಿಯಲ್ಲಿ ರಾಗಿ ಒಕ್ಕುತ್ತಿದ್ದರು. ಅಲ್ಲಿನ ಯಜಮಾನರ ಹೆಬ್ಬೆರಳು ಬದನೆಕಾಯಿ ಗಾತ್ರ. ಒಂದು ಅಂಕಿ ಒತ್ತಿದರೆ ನಾಲ್ಕು ಬೀಳುತ್ತಿತ್ತು. ಮೆಲ್ಲಗೆ ಮುಟ್ಟಿದರೆ ಒಂದೂ ಬೀಳುತ್ತಿರಲಿಲ್ಲ.

"ಇದು ಬರೆಯೋರ ಕೈಗೆ ಮಾಡಿರೋದು ಕಣಪ್ಪಾ, ದುಡಿಯೋರ ಕೈಗಲ್ಲ" ಅಂತ ಅವರು ಫೋನನ್ನು ಕಣದ ಅಂಚಿನಲ್ಲಿಟ್ಟರು. ನಾನೂ ಅವರ ಜೊತೆ ಮುದ್ದೆ ಉಣ್ಣಲು ಕೂತೆ.

ಗಾಜಿನ ಮೇಲೆ ರಾಗಿ ಕಾಳು ಅಂಟಿತ್ತು. ಒಂದು ಕೋಳಿ ಬಂದು ಟಕ್ ಟಕ್ ಅಂತ ಕುಕ್ಕಿತು. ಯಜಮಾನರ ಹೆಬ್ಬೆರಳಿಗೆ ಬಗ್ಗದ ಗಾಜು ಕೊಕ್ಕಿಗೆ ಬಗ್ಗಿಬಿಟ್ಟಿತು. ನಾನು ಕೈ ತೊಳೆದು ಬಂದಾಗ ಫೋನು ಆರಿತ್ತು. ಅದರ ಹಿಂದೆಯೇ ನನ್ನ ಹಳೇ ಬಟನ್ ಫೋನಿಗೆ ಅಣ್ಣನ ಕರೆ.

"ಯಾವನ್ಲಾ ಅವ್ನು?"

"ಯಾರಣ್ಣ?"

"ಈಗ ವಿಡಿಯೋದಾಗೆ ಬಂದಿದ್ನಲ್ಲ! ಕೆಂಪು ಕಣ್ಣು ಮಾಡ್ಕೊಂಡು, ಕತ್ತು ಆಚೆ ಈಚೆ ಕೊಂಕಿಸ್ಕೊಂಡು, ನನ್ನನ್ನೇ ಗುರಾಯಿಸ್ತಿದ್ದ. ನಾನೂ ಬಿಡ್ಲಿಲ್ಲ, ಚೆನ್ನಾಗಿ ಉಗಿದೆ. ಒಂದು ಮಾತೂ ಆಡ್ದೆ ಹೋಗ್ಬುಟ್ಟ. ಯಾರವ್ನು, ಊರ ದೊಡ್ಡ ಮನುಷ್ಯನಾ?"

"ದೊಡ್ಡದೇನಲ್ಲಣ್ಣ" ಅಂದೆ, "ಭಾನುವಾರ ಕುಯ್ತಾರಂತೆ."

ಆನೆ ಬಂದರೆ

ಜವಳಗಿರಿಗೆ ಹೋದಾಗ ಸಿಗ್ನಲ್ ಒಂದು ಗೆರೆಯೂ ಇರಲಿಲ್ಲ. ಕಾಡಂಚಿನ ಊರು, ಬೆಳೆ ಕಾಯಲು ಅಟ್ಟಣೆ ಕಟ್ಟಿಕೊಂಡಿರುವ ಜನ. ನಾನು ಸೋಲುವವನೇ? ಬಾಯಲ್ಲೇ ವಿಡಿಯೋ ಕಾಲ್ ಮಾಡಿ ತೋರಿಸಿದೆ.

"ಇಲ್ಲಿ ಟವರ್ ಬರಲಿ, ಆಮೇಲೆ ನೋಡಿ. ಹೊಲಕ್ಕೆ ಆನೆ ಬಂತು ಅನ್ನಿ. ಹಿಂಗೆ ಫೋನು ಹಿಡಿದ್ರೆ ಸಾಕು, ಆನೆ ಹಂಗಂಗೇ ಜೂಜುವಾಡೀಲಿ ಕಾಣ್ತದೆ."

ಅಟ್ಟಣೆಯ ಮೇಲಿದ್ದ ತಾತ ಕೆಳಗೆ ಬಗ್ಗಿ ಕೇಳಿದ. "ಯಾರಿಗೆ ಕಾಣ್ತದೆ?"

"ನಮ್ ಅಂಗಡಿ ಅಣ್ಣನಿಗೆ."

"ಅವ್ರು ಬಂದು ಓಡಿಸ್ತಾರಾ?"

"ಓಡಿಸಲ್ಲ. ನೋಡ್ತಾರೆ."

ತಾತ ಬೀಡಿಯ ಬೂದಿ ಕೊಡವಿದ. "ಬರೀ ನೋಡೋ ಕೆಲಸಕ್ಕೆ ಅವ್ರಿಗ್ಯಾಕಪ್ಪಾ ತೊಂದ್ರೆ. ಅದನ್ನ ನಾವೇ ಚೆನ್ನಾಗಿ ಮಾಡ್ತಾ ಇದೀವಿ."

ಯಾವ ಪಾರ್ಟಿ?

ರಾಯಕೋಟೆಯ ಟೊಮೊಟೊ ಮಂಡಿಯಲ್ಲಿ ಸಿಗ್ನಲ್ಲು ಸೊಗಸಾಗಿತ್ತು. ಒಂದೊಂದೇ ಗುಂಪಿಗೆ ಅಣ್ಣನನ್ನು ತೋರಿಸಿಕೊಂಡು ಬಂದೆ. ಅಣ್ಣನಿಗೂ ಅಷ್ಟು ಹೊತ್ತಿಗೆ ರೂಢಿಯಾಗಿತ್ತು. ಮುಖ ಬಂದ ಕೂಡಲೇ ಕೈ ಮುಗಿದು, "ಎಲ್ರೂ ಚೆನ್ನಾಗಿದೀರಾ? ಬೆಳೆ ಹೆಂಗೈತೆ? ರೇಟು ಸಿಗ್ತಾ ಐತಾ?" ಅಂತ ಕೇಳುತ್ತಿದ್ದರು. ಕ್ರೇಟು ಹೊರುವವರಿಗೂ ಕೈ ಮುಗಿದರು, ತಕ್ಕಡಿಯವನಿಗೂ ಮುಗಿದರು. ಒಬ್ಬ ರೈತ ಸುರುಟಿಕೊಂಡ ಎಲೆ ತೋರಿಸಿದರೆ, ಫೋನು ಮಾರುವ ಮನುಷ್ಯ ಯಾವ ಔಷಧಿ ಹೊಡೀಬೇಕು ಅಂತಲೂ ಹೇಳಿದರು.

ಮಂಡಿಯ ಬ್ರೋಕರು ದೂರದಿಂದಲೇ ಇದನ್ನೆಲ್ಲ ನೋಡುತ್ತಿದ್ದ. ಕೊನೆಗೆ ನನ್ನ ಹೆಗಲ ಮೇಲೆ ಕೈ ಹಾಕಿ ಪಕ್ಕಕ್ಕೆ ಕರೆದುಕೊಂಡು ಹೋಗಿ ತಮಿಳಿನಲ್ಲಿ ಕೇಳಿದ. "ಎಂದ ಕಟ್ಚಿ?" ಯಾವ ಪಾರ್ಟಿ ಅಂತ.

"ಪಾರ್ಟಿ ಗೀರ್ಟಿ ಇಲ್ಲಣ್ಣ, ಅವ್ರು ಅಂಗಡಿಯವ್ರು."

"ಓ, ಸ್ವತಂತ್ರ ಅಭ್ಯರ್ಥಿ!" ಅಂದ ಈಗ ಕನ್ನಡದಲ್ಲಿ. "ಒಳ್ಳೇದು. ಚಿಹ್ನೆ ಏನು, ಕ್ಯಾಲೆಂಡರ್ರಾ?"

ಗಂಡು ನೋಡುವ ಶಾಸ್ತ್ರ

ಅದೇ ಮಂಡಿಯಲ್ಲಿ ಎಲೆ ತೋರಿಸಿದ ರೈತನಿಗೆ ಮದುವೆಗೆ ಬಂದ ಮಗಳಿದ್ದಳು. ಹೊಸೂರಿನ ಫ್ಯಾಕ್ಟರಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುವ ಹುಡುಗಿ. ಮಗಳು ಚಿನ್ನ, ಅಪ್ಪ ಸಿಡಿಮದ್ದು. ನೋಡಲು ಬಂದ ಗಂಡುಗಳನ್ನೆಲ್ಲ ಪೊಲೀಸು ಕಳ್ಳನನ್ನು ಕೇಳುವ ಹಾಗೆ ಕೇಳುತ್ತಿದ್ದ. ಕಾಫಿ ಆರುವುದರೊಳಗೆ ಗಂಡಿನ ಕಡೆಯವರು ಚಪ್ಪಲಿ ಹುಡುಕುತ್ತಿದ್ದರು.

ಈ ಬಾಯಿ ಆ ಬಾಯಿ ಎದುರಾದರೆ ರಾಯಕೋಟೆಯ ಕೋಟೆಯೂ ಉಳಿಯುವುದಿಲ್ಲ ಅಂತ ನನಗೆ ಗೊತ್ತಿತ್ತು. ಆದರೆ ನನ್ನ ಜೇಬಿನಲ್ಲಿ ಫೋನಿತ್ತು. ಜಗಳ ಬಂದರೆ ಕಟ್ ಮಾಡಿ ಸಿಗ್ನಲ್ ಹೋಯ್ತು ಅನ್ನಬಹುದು. ಇಷ್ಟು ಅನುಕೂಲ ಯಾವ ಮದುವೆ ದಲ್ಲಾಳಿಗೂ ಇರಲಿಲ್ಲ. ಭಾನುವಾರ ಅವರ ಮನೆಗೆ ಹೋಗಿ ನಡುಮನೆಯ ಒರಳುಕಲ್ಲಿಗೆ ಫೋನು ಒರಗಿಸಿ ನಿಲ್ಲಿಸಿದೆ. ಮುಂದೆ ಹುಡುಗಿಯ ಅಜ್ಜಿ, ಪಕ್ಕದಲ್ಲಿ ಅಪ್ಪ, ಬಾಗಿಲ ಹತ್ತಿರ ಹುಡುಗಿ.

ಅಣ್ಣನ ಮುಖ ಬಂತು. ಹೊಸ ಶರ್ಟು, ಹಣೆಗೆ ವಿಭೂತಿ, ಹಿಂದೆ ವೆಂಕಟರಮಣಸ್ವಾಮಿ.

ಅಜ್ಜಿ ಮೊದಲು ದೇವರಿಗೆ ಕೈ ಮುಗಿದಳು, ಆಮೇಲೆ ಗಂಡಿನ ಪರೀಕ್ಷೆಗೆ ಕೂತಳು. ಹೆಣ್ಣುಗಳಿಗೆ ಏನೇನು ಕೇಳುತ್ತಾರೋ ಅದನ್ನೇ ಕೇಳಿದಳು.

"ಎಲ್ಲಿ, ನಾಲ್ಕು ಹೆಜ್ಜೆ ನಡೆದು ತೋರ್ಸಪ್ಪಾ."

ಅಣ್ಣ ನಡೆದರು. ಗೋಡೆ ಬಿಟ್ಟು ನಡೆದರೆ ಟವರು ಎಲ್ಲಿರುತ್ತೆ? ಎರಡು ಹೆಜ್ಜೆ ಹೋಗಿ, ಓಡಿ ಬಂದು ಮತ್ತೆ ಗೋಡೆಗೆ ಅಂಟಿಕೊಂಡು ಮುಗುಳ್ನಕ್ಕರು. ಆ ಮುಗುಳ್ನಗೆಯಲ್ಲೇ ಚಿತ್ರ ನಿಂತುಹೋಯಿತು. ಗಾಜಿನೊಳಗೆ ಅಣ್ಣ ಕಲ್ಲಾದರು.

ಅದು ಅಪ್ಪನಿಗೆ ತಿಳಿಯಲಿಲ್ಲ. ಅವನು ಶುರು ಮಾಡಿದ. "ಇಷ್ಟು ವಯಸ್ಸಾದ್ರೂ ಯಾಕೆ ಮದ್ವೆ ಆಗಿಲ್ಲ?"

ಅಣ್ಣ ಮುಗುಳ್ನಗುತ್ತಲೇ ಇದ್ದರು.

"ಕುಡೀತೀಯಾ? ಇಸ್ಪೀಟ್ ಆಡ್ತೀಯಾ? ನನ್ ಮಗಳು ಕೆಲಸಕ್ಕೆ ಹೋದ್ರೆ ಬೇಡ ಅಂತೀಯಾ?"

ಮುಗುಳ್ನಗೆ.

"ಕೇಳ್ತಿರೋದು ನಿನ್ನನ್ನೇ ಕಣಯ್ಯಾ! ಕಿವಿ ಕೇಳಿಸ್ತದಾ?" ಅಪ್ಪ ಎದ್ದು ನಿಂತ. ಕತ್ತಿನ ನರ ಉಬ್ಬಿತು. ಹೊರಗಿದ್ದ ನಾಯಿ ಜಾಗ ಬದಲಾಯಿಸಿತು. ಫೋನಿನ ಮುಂದೆ ಬೆರಳು ಆಡಿಸಿ, ಊರಿಗೆಲ್ಲ ಕೇಳುವ ಹಾಗೆ ಕೂಗಾಡಿದ. ಅಣ್ಣ ರೆಪ್ಪೆ ಮಿಟುಕಿಸಲಿಲ್ಲ. ಕಟ್ ಮಾಡಬೇಕು ಅಂದುಕೊಂಡಿದ್ದ ನಾನೂ ಮಿಟುಕಿಸಲಿಲ್ಲ.

ಅಜ್ಜಿ ಮಗನ ಪಂಚೆ ಹಿಡಿದು ಕೂರಿಸಿದಳು. "ನೋಡ್ಲಾ, ನೋಡಿ ಕಲಿ. ಇಷ್ಟೊತ್ತು ಬಾಯಿ ಬಡ್ಕೊಂಡೆ, ಆ ಮಗ ಒಂದು ಮಾತು ಎದುರಾಡಿದ್ನಾ? ನಗ್ತಾನೇ ಅವ್ನೆ. ಇಂಥ ತಾಳ್ಮೆ ನಿಮ್ಮಪ್ಪನಿಗೆ ಇರ್ಲಿಲ್ಲ, ನಿನಗೂ ಇಲ್ಲ. ದೇವ್ರ ಮುಂದೆ ನಿಂತು ನಿಂತು ಬಂದಿರೋ ಗುಣ ಅದು."

ಆಗ ನನ್ನ ಜೇಬಿನ ಬಟನ್ ಫೋನು ಅದುರಿತು. ಜಗುಲಿಗೆ ಓಡಿದೆ. ಅಣ್ಣ ಕಿರುಚುತ್ತಿದ್ದರು. "ಏನ್ಲಾ ಆಯ್ತು? ಈ ದರಿದ್ರ ಫೋನು ನಿಂತೋಯ್ತಲ್ಲೋ! ಅವ್ರು ಏನೇನ್ ಕೇಳಿದ್ರು? ನಾನೇನೂ ಮಾತಾಡೋಕೇ ಆಗ್ಲಿಲ್ಲವಲ್ಲೋ!"

"ಸುಮ್ನಿರಣ್ಣ" ಅಂದೆ, "ಇಷ್ಟು ಚೆನ್ನಾಗಿ ನೀನು ಯಾವತ್ತೂ ಮಾತಾಡಿಲ್ಲ."

ತಿರುಗಿದರೆ ಹುಡುಗಿ ಹಿಂದೆಯೇ ನಿಂತಿದ್ದಳು. ದಿನಾ ಮಿಷನ್ನುಗಳ ಮಧ್ಯೆ ಇರುವವಳು, ಅವಳಿಗೆ ತಿಳಿಯದೇ? "ಅಣ್ಣಾ, ಅದು ನಿಂತೋಗೈತೆ ಅಲ್ವಾ?"

ಆ ಮುಖ ನೋಡಿ ಸುಳ್ಳು ಹೇಳಲು ಆಗಲಿಲ್ಲ. "ಹೂಂ ಕಣಮ್ಮ" ಅಂದೆ. "ಎದುರಿಗೆ ಸಿಕ್ರೆ ಬೇಜಾನ್ ಮಾತಾಡ್ತಾರೆ. ಮನುಷ್ಯ ಮಾತ್ರ ಬಂಗಾರ."

"ಅಜ್ಜಿಗೆ ಹೇಳ್ಬೇಡಿ. ನಾನೇ ಹೋಗಿ ನೋಡ್ಕೋತೀನಿ."

ಆ ವಾರವೇ ಫ್ಯಾಕ್ಟರಿ ಬಿಟ್ಟಮೇಲೆ ಜೂಜುವಾಡಿ ಬಸ್ಸು ಹತ್ತಿ, ಫೋನಿಗೆ ಕವರು ಬೇಕು ಅಂತ ಅಂಗಡಿಗೆ ಹೋದಳಂತೆ. ಅವಳು ಯಾರು ಅಂತ ಅಣ್ಣನಿಗೆ ಗೊತ್ತಿಲ್ಲ. ಕವರಿನ ರೇಟಿಗೆ ಇಬ್ಬರಿಗೂ ವಾದ ಹತ್ತಿತು. ಅಣ್ಣ ಒಂದಕ್ಕೆ ನಾಲ್ಕು ಆಡಿದರೆ ಇವಳು ಐದು ಆಡಿದಳು. ಕೊನೆಗೆ ಅಣ್ಣ ಸೋತು, ಕುರ್ಚಿ ಕೊಟ್ಟು, ಟೀ ತರಿಸಿದರು. ಟೀ ಕುಡಿದ ಮೇಲೆ ಅವಳು ಹೇಳಿದಳು, "ನಾನೇ ರಾಯಕೋಟೆ ಹೆಣ್ಣು. ನಂಗೊಪ್ಗೆ." ಅಣ್ಣನ ಬಾಯಿಗೆ ಮಾತೇ ಬರಲಿಲ್ಲವಂತೆ. ಈ ಸಲ ನಿಜವಾಗಿ.

ಅಜ್ಜಿಯ ಆರ್ಡರು

ನನ್ನ ವರದಿ ಕೇಳಿದ ಮೇಲೆ ಅಣ್ಣ ಲಾಟು ತರಿಸಲಿಲ್ಲ. "ಬೆರಳಿಗೆ ಬಗ್ಗಲ್ಲ, ಕೊಕ್ಕಿಗೆ ಬಗ್ತದೆ. ಕಾಡಲ್ಲಿ ಸಿಗ್ನಲ್ ಇಲ್ಲ, ಊರಲ್ಲಿ ನೀನೊಬ್ನೇ ಕಾಣ್ತೀಯ. ಸದ್ಯಕ್ಕೆ ಬೇಡ" ಅಂದಿದ್ದೆ. ಡೀಲರ್ ಬಂದು ಅವನ ಎರಡೂ ಫೋನು ವಾಪಸ್ ತೆಗೆದುಕೊಂಡು ಹೋದ.

ಮದುವೆ ರಾಯಕೋಟೆಯಲ್ಲೇ ಆಯಿತು. ಮಂಡಿಯವರೆಲ್ಲ ಬಂದಿದ್ದರು, ಬ್ರೋಕರು ಈಗಲೂ ಚಿಹ್ನೆ ಕೇಳುತ್ತಿದ್ದ. ಅಣ್ಣನ ಅವ್ವ ನನ್ನ ತಲೆ ಸವರಿ ಸವರಿ ಕೂದಲೆಲ್ಲ ಕೆದರಿಬಿಟ್ಟರು.

ಧಾರೆಯೆಲ್ಲ ಮುಗಿದು ಊಟಕ್ಕೆ ಎಲೆ ಹಾಕಿದ್ದರು. ಪಾಯಸ ಕಮ್ಮಿ ಬಿತ್ತು. ಅಷ್ಟೇ ಸಾಕಾಯಿತು. ಮಾವ ಅಡಿಗೆಯವನ ಮೇಲೆ ಕೂಗಿದ. ಅಡಿಗೆಯವನು ಗಂಡಿನ ಕಡೆಯ ಜನ ಜಾಸ್ತಿ ಅಂದ. ಅಷ್ಟರಲ್ಲಿ ಬಾಸಿಂಗ ಕಟ್ಟಿಕೊಂಡಿದ್ದ ಮದುವೆ ಗಂಡೇ ಪಂಚೆ ಮೇಲಕ್ಕೆ ಕಟ್ಟಿಕೊಂಡು ಬಂತು. "ಯಾರ ಕಡೆ ಜನ ಜಾಸ್ತಿ? ಎಣಿಸೋಣ ಬನ್ನಿ! ಪಾಯಸ ಎಲ್ಲಿ ಹೋಯ್ತು, ನಾನು ಕುಡಿದ್ನಾ?" ಮಾವ ಒಂದು ಅಂದರೆ ಅಳಿಯ ನಾಲ್ಕು. ವಾಲಗದವರು ಊದುವುದು ನಿಲ್ಲಿಸಿ ನೋಡುತ್ತಾ ಕೂತರು. ಹೆಣ್ಣು ಮಾತ್ರ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

ಅಜ್ಜಿ ಕಂಬ ಹಿಡಿದುಕೊಂಡು ಎದ್ದು, ಕಣ್ಣಿಗೆ ಕೈ ಅಡ್ಡ ಇಟ್ಟು ನೋಡಿದಳು. ಇನ್ನೊಂದು ಸಲ ನೋಡಿದಳು. ನನ್ನನ್ನು ಹತ್ತಿರ ಕರೆದಳು.

"ಮಗಾ, ನೀನು ಅವತ್ತು ತೋರ್ಸಿದ ಗಂಡು ಎಲ್ಲಿ?"

"ಇವ್ರೇ ಅಲ್ವಾ ಅಜ್ಜಿ."

"ಅಲ್ಲ ಕಣ್ಲಾ. ಆ ಮಗ ನಗ್ತಾ ನಿಂತಿದ್ದ. ಇವ್ನು ಅಲ್ಲಾಡ್ತಾನೆ!"

ಇನ್ನು ಮುಚ್ಚಿಟ್ಟು ಫಲವಿಲ್ಲ ಅಂತ ಇದ್ದದ್ದು ಇದ್ದ ಹಾಗೆ ಹೇಳಿದೆ. "ಅಜ್ಜಿ, ಮನುಷ್ಯ ಇವ್ರೇ. ಅವತ್ತು ಆ ಫೋನು ಇವ್ರನ್ನ ನಿಲ್ಲಿಸ್ಬಿಟ್ಟಿತ್ತು."

ಅಜ್ಜಿ ಕೋಪ ಮಾಡಿಕೊಳ್ಳುತ್ತಾಳೆ ಅಂತ ಎರಡು ಹೆಜ್ಜೆ ಹಿಂದೆ ಸರಿದೆ. ಅವಳು ಕೋಪ ಮಾಡಿಕೊಳ್ಳಲಿಲ್ಲ. ಪಾಯಸದ ಕೊಳಗದ ಹತ್ತಿರ ಕೈ ಬೀಸಿ ವಾದಿಸುತ್ತಿದ್ದ ಅಳಿಯನನ್ನು ನೋಡಿದಳು, ಅವನ ಎದುರು ಕೂಗಾಡುತ್ತಿದ್ದ ತನ್ನ ಮಗನನ್ನೂ ನೋಡಿದಳು. ಎಲೆ ಅಡಿಕೆ ಅಗಿಯುತ್ತಾ ಯೋಚನೆ ಮಾಡಿ, ನನ್ನ ಕಿವಿಯ ಹತ್ತಿರ ಬಗ್ಗಿದಳು.

"ಹಂಗಾದ್ರೆ ಆ ಫೋನು ಎರಡು ತರ್ಸು ಮಗಾ. ಒಂದು ಮೊಮ್ಮಗಳಿಗೆ, ಇನ್ನೊಂದು ನನಗೆ."